ಕೂಗಮ್ಮ, ಮರಿ ಬರ್ತೈತೆ

ಅವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಂಥ ಗಟ್ಟಿ ಜಡ್ಡು ಇತ್ತು. ಕುರಿಯ ಉಣ್ಣೆ ಕತ್ತರಿಸಿ ಕತ್ತರಿಸಿ ಕಟ್ಟಿದ ಜಡ್ಡು. ತುರುವನೂರು ಕಡೆಯ ನಮ್ಮ ಹಟ್ಟಿಗಳಲ್ಲೆಲ್ಲ ಅವನನ್ನು ಕತ್ತರಿ ಮಾವ ಎಂದೇ ಕರೆಯುವುದು. ಬಾಯಿ ತೆಗೆದರೆ ಬೈಗುಳ. ಕುರಿಗೂ ಬೈಗುಳ, ಕುರಿಯವನಿಗೂ ಬೈಗುಳ, ಸುಮ್ಮನೆ ಹಾದುಹೋಗುವ ಮೋಡಕ್ಕೂ ಬೈಗುಳ. ಆದರೆ ಅವನ ಕತ್ತರಿ ತಗುಲಿ ಒಂದು ಕುರಿಗೂ ಗಾಯವಾದದ್ದನ್ನು ನಾನು ಕಂಡಿಲ್ಲ.

ನನಗೆ ಎದೆಯಲ್ಲಿ ಗಂಟಾಗಿ, ದುರ್ಗದ ಆಸ್ಪತ್ರೆಯಲ್ಲಿ ಕೀಮೋ ಶುರು ಮಾಡಿದರು. ಗಂಟಿಗಿಂತ ಆ ಔಷಧಿಯೇ ನನ್ನನ್ನು ಹಿಂಡಿತು. ಬಾಯಿ ತುಂಬ ಹುಣ್ಣು, ಒಗ್ಗರಣೆಯ ವಾಸನೆಗೇ ವಾಂತಿ, ನೀರು ಕುಡಿದರೂ ತುಕ್ಕಿನ ರುಚಿ. ತಣ್ಣನೆಯ ಅಂಬಲಿ ಒಂದೇ ಇಳಿಯುತ್ತಿದ್ದದ್ದು. ಆಮೇಲೆ ಕೂದಲು. ಅಂಬಲಿಯ ಬಟ್ಟಲಲ್ಲಿ, ದಿಂಬಿನ ಮೇಲೆ, ಮೊಮ್ಮಗಳ ಫ್ರಾಕಿನ ಮೇಲೆ, ಎಲ್ಲಿ ನೋಡಿದರೂ ನನ್ನದೇ ಕೂದಲು. ಒಮ್ಮೆಲೇ ತೆಗೆಸಿಬಿಡೋಣವೆಂದು ಕತ್ತರಿ ಮಾವನಿಗೆ ಹೇಳಿಕಳಿಸಿದೆ.

ನನ್ನ ಗಂಡನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. “ಗಂಡ ಬದುಕಿರೋಳು ತಲೆ ಬೋಳಿಸ್ಕಂತಾಳಾ? ಮನೆಗೆ ಕೇಡು!”

ಮಾವ ಜಗಲಿಯ ಕಡೆ ತಿರುಗಿದ. “ಲೇ, ನಿಮ್ಮಕ್ಕಂಗೆ ನೀನು ಬದುಕಿರೋದು ಅನುಮಾನ. ಒಂದ್ಸಲ ಕೆಮ್ಮಪ್ಪ!”

ಬೀಡಿ ಸೇದುತ್ತಾ ಕೂತಿದ್ದ ನನ್ನ ಗಂಡ ನಿಜಕ್ಕೂ ಕೆಮ್ಮಿದ.

ಚೂರು ಗಾಯವಾದರೂ ಕಷ್ಟ ಎಂದು ನರ್ಸಮ್ಮ ಎಚ್ಚರಿಸಿದ್ದಳು. ಅದನ್ನು ಹೇಳಿದ್ದಕ್ಕೆ ಮಾವ ಗೊಣಗುತ್ತಲೇ ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿದ. “ನಿನ್ನ ದೆಸೆಯಿಂದ ನನ್ನ ಕತ್ತರಿಗೆ ಬಾಣಂತಿ ಸ್ನಾನ ಆತು ನೋಡು.”

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. “ಅಜ್ಜಿ ಹತ್ರ ಹೋಗಬ್ಯಾಡ, ಅಂಟ್ಕಂತೈತೆ” ಎಂದು ಗಂಡನ ಅಕ್ಕ ನನ್ನ ಪುಟ್ಟ ಮೊಮ್ಮಗಳ ಕಿವಿಯಲ್ಲಿ ಊದಿದಳು. ಅಂಟುವ ರೋಗವಲ್ಲ ಎಂದು ಡಾಕ್ಟರು ಅವಳ ಎದುರಿಗೇ ಹೇಳಿದ್ದರು! ನನ್ನ ಮಗ್ಗುಲು ಬಿಟ್ಟು ಮಲಗದಿದ್ದ ಮಗು ನನ್ನ ಬೋಳು ತಲೆ ಕಂಡು ಕಿರುಚಿ ಓಡಿತು. ಮನೆಯಲ್ಲಿ ಒಬ್ಬರೂ ಅವಳನ್ನು ಹಿಡಿದು ನನ್ನ ಹತ್ತಿರ ತರಲಿಲ್ಲ. ನಾನು ಅಂಬಲಿಯನ್ನೂ ಬಿಟ್ಟೆ. ಇನ್ನು ದುರ್ಗಕ್ಕೆ ಹೋಗುವುದಿಲ್ಲ ಎಂದೆ. ಆ ಮಗುವೇ ಬರದಿದ್ದರೆ ಯಾರಿಗಾಗಿ ಆ ಔಷಧಿ ಏರಿಸಿಕೊಳ್ಳಲಿ?

ಸುದ್ದಿ ಕೇಳಿ ಕತ್ತರಿ ಮಾವ ಬಂದ. ಮೊಮ್ಮಗಳನ್ನು ಹೆಗಲಿಗೇರಿಸಿಕೊಂಡು, ನನ್ನನ್ನೂ ಬೈದು ಎಬ್ಬಿಸಿ, ಕುರಿರೊಪ್ಪಕ್ಕೆ ಕರೆದೊಯ್ದ. ಆವತ್ತು ಅಲ್ಲಿ ಉಣ್ಣೆ ಕತ್ತರಿಸಿದ್ದರು. ತಾಯಿಕುರಿಗಳೆಲ್ಲ ಬೋಳು ಬೋಳಾಗಿ ನಿಂತಿದ್ದವು. ಮಾವ ಮರಿಗಳನ್ನು ಬಿಡಿಸಿದ. ಅವು ತಾಯಿಯ ಎದುರಿಗೇ ನಿಂತು ಗುರುತು ಸಿಗದೆ ದಿಕ್ಕೆಟ್ಟು ಓಡಾಡಿದವು. ಉಣ್ಣೆ ಕತ್ತರಿಸಿದ ದಿನ ಯಾವಾಗಲೂ ಹೀಗೇ, ತಾಯಿ ಕೂಗಬೇಕು. ಒಂದು ಕುರಿ ಕೂಗಿತು. ಅದರ ಮರಿ ಕಿವಿ ನಿಮಿರಿಸಿ, ಓಡಿಬಂದು ಕೆಚ್ಚಲಿಗೆ ಬಾಯಿ ಹಾಕಿತು.

“ಕೂಗಮ್ಮ ನೀನೂ. ಸುಮ್ನೆ ಅಳ್ತಾ ಕುಂತ್ರೆ ಯಾವ ಮರಿ ಬರ್ತೈತೆ?”

“ಬಾಯೆಲ್ಲ ಹುಣ್ಣು, ಮಾವ.”

“ಆ ಹುಣ್ಣಿಗಿಷ್ಟು ಬೆಂಕಿ ಹಾಕ! ಕೂಗೇ!”

ಹುಣ್ಣು ಒಡೆದು ಬಾಯಲ್ಲಿ ರಕ್ತದ ರುಚಿ ಬಂತು. ಬಂದರೆ ಬರಲಿ ಎಂದು, ದಿನಾ ಉಣ್ಣಲು ಕರೆಯುವ ಹಾಗೇ ಕರೆದೆ. “ಬಂಗಾರೀ, ಬಾರೇ!”

ಮಗು ಹೆಗಲ ಮೇಲಿಂದ ಬಗ್ಗಿ ನೋಡಿತು. “ಇದು ನಮ್ಮಜ್ಜೀನಾ?”

“ಮತ್ತೆ, ನನ್ನ ಅಜ್ಜೀನಾ?” ಎಂದು ಮಾವ ಗದರಿದ.

ಮಗು ಇಳಿದು ಓಡಿಬಂತು. ನನ್ನ ಮಡಿಲು ಹತ್ತಿ, ಎರಡೂ ಅಂಗೈಯಿಂದ ನನ್ನ ತಲೆ ಸವರಿ, “ಮೆತ್ತಗೈತೆ” ಎಂದು ನಕ್ಕಿತು. ಮುಂದಿನ ಸಲ ಯಾರೂ ಹೇಳುವ ಮೊದಲೇ ದುರ್ಗದ ಬಸ್ಸು ಹತ್ತಿದೆ.

ಕತ್ತರಿ ಮಾವ ಹೋದ ಬೇಸಿಗೆಯಲ್ಲಿ ತೀರಿಕೊಂಡ. ಮಣ್ಣಿಗೆ ಬಂದವರು “ಬಾಯಿ ಕೆಟ್ಟದ್ದು, ಮನುಷ್ಯ ಒಳ್ಳೆಯವ” ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾವುದ್ರೋ ಕೆಟ್ಟದ್ದು? ನಯವಾಗಿ ಮಾತಾಡುವವರೆಲ್ಲ ನನ್ನ ಬಾಗಿಲಾಚೆ ನಿಂತಿದ್ದಾಗ ಒಳಗೆ ಬಂದದ್ದು ಆ ಬಾಯಿ ಒಂದೇ.

ಈಗ ನನಗೆ ಹೊಸ ಕೂದಲು ಬಂದಿದೆ. ಮೊದಲಿನ ಹಾಗೆ ನೆಟ್ಟಗಲ್ಲ. ಎಳೆಮರಿಯ ಉಣ್ಣೆಯ ಹಾಗೆ ಗುಂಗುರು ಗುಂಗುರು. ಇದನ್ನು ಬರೆಯುವಾಗ ಮೊಮ್ಮಗಳು ಅದರಲ್ಲಿ ಬೆರಳು ಸಿಕ್ಕಿಸಿಕೊಂಡು ಹೆಗಲ ಮೇಲೆಯೇ ನಿದ್ದೆ ಹೋಗಿದ್ದಾಳೆ. ಖುಷಿ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಬಾ ನೋಡು ಮಾವ ಎನ್ನೋಣವೆಂದರೆ ನೀನಿಲ್ಲ. ಈ ಕೂದಲಿಗೆ ಒಂದಾದರೂ ಬೈಗುಳ ಬೈದು ಹೋಗಬಾರದಿತ್ತೇ ಮಾವ? ನನಗೆ ನಿನ್ನ ಮೇಲೂ ಸಿಟ್ಟೇ.