ಜ್ವರದ ಹೂವಯ್ಯನವರು ತಿಂಡಿ ಬಿಟ್ಟ ವರ್ಷ

ಅರವತ್ತರ ದಶಕದಲ್ಲಿ ಹೊಸನಗರ ತಾಲೂಕಿನ ನಮ್ಮ ಕಡೆ ಪ್ರತಿ ಮನೆಯ ಮುಂಬಾಗಿಲ ಪಕ್ಕದ ಗೋಡೆಯ ಮೇಲೂ ಒಂದು ಚೌಕ ಇರುತ್ತಿತ್ತು. ಅದರೊಳಗೆ ಕೆಮ್ಮಣ್ಣಿನ ಬಣ್ಣದಲ್ಲಿ ತಾರೀಖುಗಳ ಸಾಲು. ಹದಿನೈದು ದಿನಕ್ಕೊಂದು ತಾರೀಖು. ಅವನ್ನು ಬರೆಯುತ್ತಿದ್ದವರು ಮಲೇರಿಯಾ ಕೆಲಸದ ಹೂವಯ್ಯನವರು. ಖಾಕಿ ಅಂಗಿ, ಹೆಗಲಿಗೊಂದು ಚೀಲ, ಚೀಲದಲ್ಲಿ ಗಾಜಿನ ಪಟ್ಟಿಗಳು, ಸೂಜಿ, ಸ್ಪಿರಿಟ್ ಬಾಟಲಿ, ಬಿಳಿ ಮಾತ್ರೆಗಳ ಡಬ್ಬಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳುವುದು, ಬಂದಿದ್ದರೆ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿಗೆ ಸವರಿಕೊಳ್ಳುವುದು, ಮಾತ್ರೆ ನುಂಗಿಸುವುದು, ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ಹೋಗುವುದು ಅವರ ಕೆಲಸ. ಊರಿನಲ್ಲಿ ಇನ್ನೂ ಇಬ್ಬರು ಹೂವಯ್ಯಂದಿರು ಇದ್ದುದರಿಂದ ಇವರನ್ನು ಜ್ವರದ ಹೂವಯ್ಯ ಎನ್ನುತ್ತಿದ್ದರು.

ಗೇಣಿದಾರರ ಮನೆಯ ಮಗ. ಮಿಡ್ಲ್ ಸ್ಕೂಲು ಪಾಸಾಗಿದ್ದರು. ಕೆಲಸಕ್ಕೆ ಸೇರಿದಾಗ ಹಗ್ಗದ ಹಾಗಿದ್ದರು ಎಂದು ನಮ್ಮಮ್ಮ ಹೇಳುತ್ತಿದ್ದಳು. ಆರು ವರ್ಷದಲ್ಲಿ ಅವರ ಅಂಗಿಯ ಹೊಟ್ಟೆಯ ಮೇಲಿನ ಗುಂಡಿ ಹಾಕಲು ಬರದಂತಾಯಿತು. ಒಮ್ಮೆ ಅಕ್ಕಿ ಗಿರಣಿಯ ತಕ್ಕಡಿಯ ಮೇಲೆ ತಮಾಷೆಗೆ ನಿಂತಾಗ ಗಿರಣಿಯವರು ತೂಕದ ಗುಂಡು ಸರಿಸಿ ನೋಡಿ, ಒಂದು ಮೂಟೆ ಭತ್ತ, ಅದರ ಮೇಲೊಂದು ಕೊಳಗ ಎಂದರಂತೆ. ಎಂಬತ್ತೊಂಬತ್ತು ಕೆ.ಜಿ. ಆಗ ಕೆ.ಜಿ. ಲೆಕ್ಕ ನಮಗೆ ಹೊಸತು, ಆದ್ದರಿಂದ ಮೂಟೆಯ ಮಾತೇ ಊರೆಲ್ಲ ಓಡಾಡಿತು.

ದಿನವೂ ನಡೆಯುವವರು ಹೀಗೆ ದಪ್ಪಗಾಗುವುದು ಹೇಗೆ ಎಂದರೆ ಅದಕ್ಕೆ ಕಾರಣ ನಾವೇ. ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಮಾತು ಆಮೇಲೆ. ಬೆಲ್ಲದ ಹಿಂದೆ ಬೆಲ್ಲದ ಕಾಫಿ. ಕಾಫಿಯ ಜೊತೆಗೆ ಒಲೆಯ ಬಳಿ ಏನಿದೆಯೋ ಅದು: ಕಡುಬು, ರೊಟ್ಟಿ, ಹಲಸಿನ ಹಪ್ಪಳ, ಏನೂ ಇಲ್ಲದಿದ್ದರೆ ಅವಲಕ್ಕಿಗೆ ಕಾಯಿ ತುರಿದು ಬೆಲ್ಲ ಕಲಸಿದ್ದು. ನೆಂಟರಿಗೆ ಇದು ವರ್ಷಕ್ಕೆರಡು ಸಲದ ಉಪಚಾರ. ಹೂವಯ್ಯನವರಿಗೆ ದಿನಕ್ಕೆ ಇಪ್ಪತ್ತೈದು ಮನೆಯ ಉಪಚಾರ.

ಬೇಡ ಎನ್ನಲು ಅವರು ಪ್ರಯತ್ನಿಸಲಿಲ್ಲವೆಂದಲ್ಲ. ಒಂದು ದಿನ ಒಡೆಯರ ಮನೆಯಲ್ಲಿ ಕಾಫಿ ಕುಡಿದು, ಅದರ ಮುಂದಿನ ಗುತ್ಯಮ್ಮನ ಗುಡಿಸಲಿನಲ್ಲಿ ಸಾಕು ಎಂದುಬಿಟ್ಟರು. ಗುತ್ಯಮ್ಮ ಆ ಒಡೆಯರ ಗದ್ದೆಯಲ್ಲೇ ದುಡಿಯುತ್ತಿದ್ದವಳು. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಮುಂದಿನ ಸಲ ಹೋದಾಗ ಜಗಲಿಗೆ ಚಾಪೆ ಹಾಸಲಿಲ್ಲ. ಅಂದಿನಿಂದ ಅವರು ಯಾವ ಮನೆಯಲ್ಲೂ ಬೇಡ ಎನ್ನಲಿಲ್ಲ. ದೊಡ್ಡ ಮನೆಯಲ್ಲಿ ತಿಂದ ಬಾಯಿ ಸಣ್ಣ ಮನೆಯಲ್ಲೂ ತಿನ್ನಬೇಕು. ಅದು ಅವರ ಮರ್ಯಾದೆಯ ಲೆಕ್ಕ.

ಆ ವರ್ಷಗಳಲ್ಲೇ ನಮ್ಮೂರ ರಸ್ತೆಗೆ ಬಸ್ಸು ಬಂತು. ಮೊದಲು ಮೈಲಿಗಟ್ಟಲೆ ನಡೆದು ಬರುತ್ತಿದ್ದ ಹೂವಯ್ಯನವರು ಬಸ್ಸಿನಲ್ಲಿ ಬಂದಿಳಿಯತೊಡಗಿದರು. ಮಂಡಿನೋವು ಶುರುವಾಯಿತು. ಕಾನುಮನೆ ಎಂಬುದು ಅವರ ಪಟ್ಟಿಯ ಕೊನೆಯ ಊರು. ಗುಡ್ಡದ ತಲೆಯಲ್ಲಿ ಏಳು ಮನೆ, ಒಂದೂವರೆ ಮೈಲಿ ಬರೀ ಏರು. ಹೂವಯ್ಯನವರು ಏರಿನ ಬುಡದಲ್ಲಿ ಕುಳಿತು, ಇಳಿದು ಬರುವವರನ್ನು ಕೇಳತೊಡಗಿದರು, ಮೇಲೆ ಯಾರಿಗಾದರೂ ಜ್ವರವೇ ಎಂದು. ಇಲ್ಲವೆಂದರೆ ಪುಸ್ತಕದಲ್ಲಿ ‘ವಿಚಾರಿಸಲಾಗಿದೆ’ ಎಂದು ಬರೆಯುತ್ತಿದ್ದರು. ಸುಳ್ಳು ಬರೆಯಲಿಲ್ಲ. ಆದರೆ ಮೇಲಿನ ಗೋಡೆಗಳ ಮೇಲೆ ತಾರೀಖೂ ಬೀಳಲಿಲ್ಲ.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಕಾನುಮನೆಯ ದುರ್ಗಮ್ಮನಿಗೆ ಚಳಿಜ್ವರ ಬಂತು. ಹನ್ನೊಂದು ದಿನ ಕೆಳಗಿನವರು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮನೆಯವರು ಕಂಬಳಿ ಕಟ್ಟಿ ಹೊತ್ತು ಕೆಳಗೆ ತಂದರು. ಹೂವಯ್ಯನವರು ಅದೇ ಬುಡದಲ್ಲಿ ಕಡುಬು ತಿನ್ನುತ್ತ ಕುಳಿತಿದ್ದರು. ಎಲೆ ಕೆಳಗಿಟ್ಟು ಎದ್ದರು. ರಕ್ತ ತೆಗೆಯುವಾಗ ಆ ಮುದುಕಿಯ ಬೆರಳಿನಲ್ಲಿ ಹನಿ ಬರಲೂ ಹೊತ್ತಾಯಿತು. ಮಲೇರಿಯಾವೇ. ಅವಳು ಉಳಿದಳು. ಅವತ್ತು ಕಂಬಳಿಯೊಳಗಿಂದಲೇ ಅವಳು ಹೇಳಿದ ಮಾತನ್ನು ಮಾತ್ರ ಹೂವಯ್ಯನವರು ಬದುಕಿರುವ ತನಕ ಹೇಳುತ್ತಿದ್ದರು.

“ನಿಂಗೆ ಹೇಳಿ ಕಳಿಸಾಣ ಅಂದ ನನ್ ಮಗ. ನಾನೇ ಬ್ಯಾಡ ಅಂದೆ ತಮ್ಮ. ಆ ಮೈ ಹೊತ್ಕಂಡು ಎಲ್ಲಿ ಹತ್ತಾಕೆ ಆಗ್ತತಿ ನಿಂಗೆ.”

ಬೈದಿದ್ದರೆ ಒಳ್ಳೆಯದಿತ್ತು ಎನ್ನುತ್ತಿದ್ದರು ಹೂವಯ್ಯನವರು.

ಮೇಲಿನ ಇನ್‌ಸ್ಪೆಕ್ಟರ್ ಮಹಾಗಣಪತಿ ಎನ್ನುವವರು ತೀರ್ಥಹಳ್ಳಿಯಿಂದ ಬಂದು ಕಾನುಮನೆಗೆ ತಾವೇ ಹತ್ತಿ ಗೋಡೆ ನೋಡಿದರು. ಕೆಟ್ಟ ಮನುಷ್ಯರಲ್ಲ. ದೀಪಾವಳಿಯವರೆಗೆ ಆ ಏಳು ಮನೆಯನ್ನು ಪಕ್ಕದ ಸರ್ಕಲಿನವರು ನೋಡಿಕೊಳ್ಳಲಿ, ಅಷ್ಟರೊಳಗೆ ನೀವು ಹತ್ತುವಂತಾದರೆ ಸರಿ, ಇಲ್ಲವಾದರೆ ಈ ತಿರುಗಾಟವನ್ನೇ ಬೇರೆಯವರಿಗೆ ಕೊಟ್ಟು ನಿಮ್ಮನ್ನು ಶಿವಮೊಗ್ಗದಲ್ಲಿ ಸಾಮಾನು ಕೋಣೆಗೆ ಹಾಕುತ್ತೇನೆ ಎಂದರು. ನೆಂಟರೆಲ್ಲ ಇದು ಬಡ್ತಿ ಎಂದರು. ಪೇಟೆ, ಕುರ್ಚಿ, ತಲೆಯ ಮೇಲೆ ಫ್ಯಾನು. ಹೂವಯ್ಯನವರಿಗೆ ಹಾಗೆ ಕಾಣಲಿಲ್ಲ. ಮುನ್ನೂರು ಮನೆಯ ಬಾಗಿಲಲ್ಲಿ ಹೆಸರು ಹಿಡಿದು ಕೂಗಬಲ್ಲ ಮನುಷ್ಯ ಗೋಡೌನಿನಲ್ಲಿ ಬಾಟಲಿ ಎಣಿಸುತ್ತ ಕೂರುವುದು ಹೇಗೆ?

ಅವರ ಹೆಂಡತಿ ಕನ್ನಮ್ಮ ಮೂರನೇ ದಿನ ಅಟ್ಟದಿಂದ ಉಣ್ಣುವ ಒಂದು ಸಣ್ಣ ಗಂಗಾಳ ಇಳಿಸಿದರು. ಮಕ್ಕಳಿಗೆಂದು ತವರಿನಿಂದ ತಂದದ್ದು. ಹೂವಯ್ಯನವರ ಅಗಲವಾದ ಕಂಚಿನ ಗಂಗಾಳವನ್ನು ತೊಳೆದು ಅದರ ಜಾಗದಲ್ಲಿ ಅಟ್ಟಕ್ಕಿಟ್ಟರು. ಬೆಳಿಗ್ಗೆ ಕೆಂಪಕ್ಕಿಯ ಗಂಜಿ, ಹುರುಳಿ ಚಟ್ನಿ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿದರು, ಅದರಲ್ಲಿ ಅನ್ನಕ್ಕಿಂತ ಪಲ್ಯವೇ ಹೆಚ್ಚು. ಹಿತ್ತಲಿನ ಕೆಸುವು, ಬೇಲಿಯ ಬಸಳೆ, ಗದ್ದೆಯಂಚಿನ ಒಂದೆಲಗ ಯಾವುದನ್ನೂ ಬಿಡಲಿಲ್ಲ. ಸಂಜೆಯ ಊಟ ದೀಪ ಹಚ್ಚುವ ಮೊದಲೇ. ಬಡಿಸಿದ ಮೇಲೆ ಅನ್ನದ ಪಾತ್ರೆಯನ್ನು ಒಳಗೆ ಒಯ್ದುಬಿಡುತ್ತಿದ್ದರು. ಹೂವಯ್ಯನವರು ಇನ್ನೊಂದು ಸೌಟು ಕೇಳಿದರೆ ಒಳಗಿಂದಲೇ ಉತ್ತರ ಬರುತ್ತಿತ್ತು.

“ಕೈ ಒಣಗಾವರೆಗೆ ಸುಮ್ನೆ ಕೂತ್ಕಳಿ. ಆಮೇಲೂ ಬೇಕು ಅನ್ಸಿದ್ರೆ ಕರೀರಿ, ತತ್ತೀನಿ.”

ಕೈ ಒಣಗುವಷ್ಟರಲ್ಲಿ ಹತ್ತರಲ್ಲಿ ಎಂಟು ದಿನ ಬೇಡವಾಗಿರುತ್ತಿತ್ತು. ಇದು ಅವರಿಗೇ ಆಶ್ಚರ್ಯ. ಹೊಟ್ಟೆಗೆ ಸುದ್ದಿ ಮುಟ್ಟುವುದು ತಡವಾಗುತ್ತದೆ, ನಮ್ಮೂರಿಗೆ ಟಪಾಲು ಬಂದ ಹಾಗೆ ಎಂದು ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು.

ಮನೆಯೊಳಗಿನದು ಹೀಗೆ ಹತೋಟಿಗೆ ಬಂತು. ಹೊರಗಿನ ಇಪ್ಪತ್ತೈದು ಮನೆ? ಡಾಕ್ಟರು ಬೇಡ ಎಂದಿದ್ದಾರೆ ಎಂದು ಹೇಳಿ ನೋಡಿದರು. ಡಾಕ್ಟರು ಹೇಳಿದ್ದು ಹೋಟೆಲು ಕಾಫಿಗೆ, ನಮ್ಮನೆ ಕಾಫಿಗಲ್ಲ ಎಂದು ನಮ್ಮಮ್ಮನೇ ಲೋಟ ಮುಂದಿಟ್ಟಳು. ಬೆಲ್ಲದ ಚೂರನ್ನು ಚೀಲಕ್ಕೆ ಹಾಕಿಕೊಂಡು ನೋಡಿದರು. ಮಾತ್ರೆ ಡಬ್ಬಿಗೆಲ್ಲ ಇರುವೆ ಹತ್ತಿತು.

ನಮ್ಮ ಕಡೆ ಕೊಟ್ಟದ್ದನ್ನು ಬೇಡ ಎನ್ನಲು ಒಂದೇ ದಾರಿ ಇತ್ತು. ಹರಕೆ. ಹರಕೆ ಇದೆ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕನ್ನಮ್ಮನೇ ಇದನ್ನು ಸೂಚಿಸಿದರು. ಹೂವಯ್ಯನವರು ದೇವರ ಹೆಸರಲ್ಲಿ ಸುಳ್ಳು ಹೇಳಲಾರೆ ಎಂದು ಹಟ ಹಿಡಿದರು.

“ಸುಳ್ಳು ಯಾರು ಹೇಳಂದ್ರು? ಹೋಗಿ ನಿಜವಾಗೇ ಹೊತ್ಕಂಡು ಬನ್ನಿ,” ಎಂದರು ಕನ್ನಮ್ಮ.

ಕಾನುಮನೆಯ ಏರಿನ ಬುಡದಲ್ಲಿ ಒಂದು ಚೌಡಿಕಲ್ಲು ಇದೆ, ಊರು ಕಾಯುವ ಚೌಡಿ ದೇವತೆಯದು. ಹೂವಯ್ಯನವರು ಅಲ್ಲಿ ಕಾಯಿ ಒಡೆದು, ಈ ಏರನ್ನು ನಡುವೆ ಎಲ್ಲೂ ಕೂರದೆ ಹತ್ತುವವರೆಗೆ ಯಾರ ಮನೆಯಲ್ಲೂ ನೀರಲ್ಲದೆ ಬೇರೇನೂ ಮುಟ್ಟುವುದಿಲ್ಲ ಎಂದು ಹೇಳಿಕೊಂಡರು. ಒಡೆಯರ ಮನೆಯಲ್ಲೂ ನೀರು, ಗುತ್ಯಮ್ಮನ ಮನೆಯಲ್ಲೂ ನೀರು. ಅವರ ಮರ್ಯಾದೆಯ ಲೆಕ್ಕಕ್ಕೂ ಇದು ಸರಿಹೋಯಿತು.

ಹರಕೆ ಯಾತಕ್ಕೆಂದು ಅವರು ಹೇಳಲಿಲ್ಲ. ಹೇಳದಿದ್ದರೆ ಊರು ಸುಮ್ಮನಿರುತ್ತದೆಯೇ? ಅವರಿಗೆ ಮೂವರು ಹೆಣ್ಣುಮಕ್ಕಳು. ಗಂಡು ಮಗುವಿಗಾಗಿಯೇ ಹರಕೆ ಎಂದು ಊರಿನ ಹೆಂಗಸರು ತೀರ್ಮಾನಿಸಿದರು. ನೀರಿನ ಚೊಂಬು ಕೊಡುವಾಗ ಒಳ್ಳೆಯದಾಗಲಿ ಎಂದು ಹರಸುತ್ತಿದ್ದರು. ನಾಲ್ಕು ತಿಂಗಳು ಕಳೆದ ಮೇಲೆ ಗುತ್ಯಮ್ಮ ಬಾವಿಕಟ್ಟೆಯಲ್ಲಿ ಹೇಳಿದ ಮಾತು ನಮ್ಮಮ್ಮನಿಗೆ ಕೊನೆಯವರೆಗೂ ನಗು ತರಿಸುತ್ತಿತ್ತು.

“ಹೊಟ್ಟೆ ಕಾಣ್ಬೇಕಾಗಿದ್ದು ಕನ್ನಕ್ಕಂದು. ಇಳೀತಿರಾದು ಹೂವಣ್ಣಂದು. ಚೌಡಿಗೆ ಹರಕೆ ಸರಿಯಾಗಿ ಕೇಳ್ಸಿಲ್ಲ ಅನ್ಸತ್ತೆ.”

ಅಷ್ಟು ಹೊತ್ತಿಗೆ ಅವರು ಬಸ್ಸು ಹತ್ತುವುದನ್ನೂ ಬಿಟ್ಟಿದ್ದರು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ರಕ್ತ ಹೀರುವ ಉಂಬಳ ಹತ್ತದಂತೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ನಡೆಯುತ್ತಿದ್ದರು. ವಾರಕ್ಕೊಮ್ಮೆ ಕೆಲಸ ಮುಗಿದ ಮೇಲೆ ಕಾನುಮನೆಯ ಏರನ್ನು ಹತ್ತಿ ನೋಡುತ್ತಿದ್ದರು. ಮೊದಲ ಸಲ ಚೌಡಿಕಲ್ಲಿನಿಂದ ನೂರು ಹೆಜ್ಜೆಗೇ ಕುಳಿತರು. ಆಷಾಢದ ಕರ್ಕಾಟಕ ಮಳೆಯ ಹೊತ್ತಿಗೆ ಅರ್ಧ ದಾರಿಯ ಹಾಸುಬಂಡೆಯವರೆಗೆ ಹೋಗುವಂತಾಯಿತು. ಹಾಸುಬಂಡೆ ಬಂದರೆ ಮಾತ್ರ ಕುಳಿತೇಬಿಡುತ್ತಿದ್ದರು.

ಅದರ ನಡುವೆ ಒಂದು ತಪ್ಪೂ ಆಯಿತು. ತೀರ್ಥಹಳ್ಳಿಯಲ್ಲಿ ಅಣ್ಣನ ಮಗಳ ಮದುವೆ. ಬಡಿಸುವವರು ಹೋಳಿಗೆ ಹಿಡಿದು ಬಂದರು. ಹರಕೆ ಇರುವುದು ತಿಂಡಿಗೆ, ಮದುವೆಯಲ್ಲಿ ಉಣ್ಣುವುದು ಊಟ ಎಂದು ಹೂವಯ್ಯನವರು ತಮಗೆ ತಾವೇ ಸಮಾಧಾನ ಹೇಳಿಕೊಂಡು ಐದು ಹೋಳಿಗೆ ತಿಂದರು, ತುಪ್ಪ ಬೇರೆ. ಎದುರಿನ ಸಾಲಿನಲ್ಲಿ ಕನ್ನಮ್ಮ ಕುಳಿತಿದ್ದರು. ಮನೆಗೆ ಬಂದು ಸೀರೆಯನ್ನು ಮಡಚಿಡುತ್ತ ಹೇಳಿದರು:

“ಚೌಡಿ ಮದ್ವೆಗೆ ಬಂದಿರ್ಲಿಲ್ಲ. ನಾನು ಬಂದಿದ್ದೆ.”

ಮರುದಿನ ಹೂವಯ್ಯನವರು ಚೌಡಿಕಲ್ಲಿನ ಮುಂದೆ ನಿಂತು ತಪ್ಪುಕಾಣಿಕೆ ಇಟ್ಟು ಬಂದರು. ತಿಂಗಳಿಗೊಮ್ಮೆ ನಿಂತು ನೋಡುತ್ತಿದ್ದ ಗಿರಣಿಯ ತಕ್ಕಡಿಯಲ್ಲಿ ಆ ತಿಂಗಳು ತೂಕ ಇಳಿಯಲಿಲ್ಲ. ದೀಪಾವಳಿಗೆ ಆರು ವಾರ ಉಳಿದಿತ್ತು. ಇನ್‌ಸ್ಪೆಕ್ಟರು ಬರೆದ ಪತ್ರವೂ ಬಂತು, ಶಿವಮೊಗ್ಗದ ಜಾಗ ಇನ್ನೂ ಖಾಲಿಯಿದೆ ಎಂದು. ಆ ಸಂಜೆಯ ಊಟಕ್ಕೆ ಕನ್ನಮ್ಮ ಪತ್ರವನ್ನು ಗಂಗಾಳದ ಪಕ್ಕದಲ್ಲೇ ಇಟ್ಟರಂತೆ. ಹೂವಯ್ಯನವರು ಎರಡನೆಯ ಸಲ ಅನ್ನ ಕೇಳಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಮಳೆ ಬಿಟ್ಟು ಬಿಸಿಲು ಕಾದಿತ್ತು. ಗಿರಣಿಯವರು ಹಿಂದಿನ ಸಂಜೆ ಎಪ್ಪತ್ತಾರು ಎಂದಿದ್ದರು. ಮೂಟೆಯ ಮೇಲಿನ ಕೊಳಗ ಇಳಿಯಿತು, ಮೂಟೆ ಇನ್ನೂ ಇದೆ ಎಂದು ನಕ್ಕಿದ್ದರು. ಹೂವಯ್ಯನವರು ಬೆಳಿಗ್ಗೆ ಗಂಜಿ ಉಂಡು, ಪೂರ್ತಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಖಾಲಿ ಕೈಯಲ್ಲಿ ಹತ್ತಿದರೆ ಅದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ವಾದ. ಚೌಡಿಕಲ್ಲು ದಾಟಿ, ಮುಂಚಿನ ಹಾಗೆ ದಾಪುಗಾಲು ಹಾಕದೆ, ಮೂವತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಹತ್ತಿದರು. ನಿಲ್ಲುವುದಕ್ಕೆ ಹರಕೆಯ ಅಡ್ಡಿಯಿರಲಿಲ್ಲ, ಕೂರುವುದಕ್ಕೆ ಮಾತ್ರ. ಹಾಸುಬಂಡೆ ಬಂದಾಗ ಅದರ ಕಡೆ ನೋಡದೆ ದಾರಿಯ ಆಚೆ ಅಂಚನ್ನು ಹಿಡಿದು ನಡೆದೆ ಎಂದು ಹೇಳುತ್ತಿದ್ದರು. ಅಲ್ಲಿಂದ ಮೇಲಿನ ದಾರಿ ಅವರಿಗೆ ಮರೆತೇ ಹೋಗಿತ್ತು. ನೆನಪಿನಲ್ಲಿದ್ದ ಒಂದು ನೆಲ್ಲಿಮರ ಈಗ ಇರಲಿಲ್ಲ.

ಮೇಲೆ ಮುಟ್ಟಿದಾಗ ನೋಡಲು ಯಾರೂ ಇರಲಿಲ್ಲ. ಎಲ್ಲರೂ ಗದ್ದೆಗೆ ಹೋಗಿದ್ದರು. ಒಂದು ನಾಯಿ ಬೊಗಳಿತು, ಅಷ್ಟೆ. ಹೂವಯ್ಯನವರು ಕೂರಲಿಲ್ಲ. ಯಾರೂ ನೋಡದಿದ್ದರೂ ಚೌಡಿ ನೋಡುತ್ತಾಳಲ್ಲ ಎಂದುಕೊಂಡು ಏಳು ಮನೆಯ ಅಂಗಳವನ್ನೂ ದಾಟಿ, ದುರ್ಗಮ್ಮನ ಮನೆಯ ಹಿಂದಿನಿಂದ ಗದ್ದೆಯ ಕಡೆ ಹೋಗಿ ಕೂಗು ಹಾಕಿದರು. ಭತ್ತದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ದುರ್ಗಮ್ಮ ತಲೆ ಎತ್ತಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಗುರುತು ಹತ್ತಲು ತುಸು ಹೊತ್ತು ಹಿಡಿಯಿತು.

“ತಮ್ಮಾ, ನೀನಾ? ಸರಿಯಾದ ಹೊತ್ತಿಗೆ ಬಂದೆ ಮಾರಾಯ. ನಮ್ ಸೊಸೆಗೆ ನಿನ್ನೆಯಿಂದ ಚಳಿ. ಅಲ್ಲಿ ಮರದ ಬುಡದಾಗೆ ಮಲಗ್ಯಾಳೆ, ನೋಡು.”

ಸೊಸೆ ಗದ್ದೆಯಂಚಿನ ನೆರಳಿನಲ್ಲಿ ಕಂಬಳಿ ಹೊದ್ದು ಮುದುಡಿಕೊಂಡಿದ್ದಳು. ಹೂವಯ್ಯನವರು ಅವಳ ಪಕ್ಕದಲ್ಲಿ ಕುಳಿತು ಚೀಲ ಬಿಚ್ಚಿದರು. ಗಾಜಿನ ಪಟ್ಟಿಯನ್ನು ಅಂಗಿಯ ತುದಿಯಲ್ಲಿ ಒರೆಸಿದರು, ಸೂಜಿಗೆ ಸ್ಪಿರಿಟ್ ಸವರಿದರು. ಅವಳು ಬೆರಳು ಚಾಚಿದಳು. ಆದರೆ ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಒಂದು ನಿಮಿಷ ತಡಿ ತಂಗಿ ಎಂದು ಹೇಳಿ, ಉಸಿರು ತಹಬಂದಿಗೆ ಬರುವವರೆಗೆ ಕಾದರು. ಆಮೇಲೆ ಚುಚ್ಚಿದರು. ಮಾತ್ರೆ ನುಂಗಿಸಿದರು. ಜ್ವರದ ಎರಡನೆಯ ದಿನ ಅದು. ಅವಳು ವಾರದೊಳಗೆ ಎದ್ದು ಕೊಯ್ಲಿಗೆ ಇಳಿದಳು.

ಶಿವಮೊಗ್ಗದ ಜಾಗಕ್ಕೆ ಬೇರೆ ಯಾರೋ ಹೋದರು. ಕಾನುಮನೆಯ ಏಳು ಮನೆ ಹೂವಯ್ಯನವರ ಕೆಲಸ ಮುಗಿಯುವವರೆಗೂ ಅವರ ಪಟ್ಟಿಯಲ್ಲೇ ಉಳಿದವು.