ಮದುವೆಯ ದಿನ ನನ್ನ ಉಗುರು ತೆಗೆದವರು

ನನ್ನ ಅಡ್ಡಹೆಸರು ಹಿರೇಬಾವಿಕರ ಅಲ್ಲ, ಹಡಪದ. ಒಡಹುಟ್ಟಿದವರು ಯಾರೂ ಇಲ್ಲ ಎಂದು ಹೇಳಿಕೊಂಡು ಬಂದದ್ದೂ ಸುಳ್ಳು — ಚೆಂಬೂರಿನಲ್ಲಿ ನನ್ನ ಅಣ್ಣನಿದ್ದಾನೆ. ಸ್ಟೇಶನ್ ಹತ್ತಿರ ಅವನ ಕ್ಷೌರದ ಅಂಗಡಿಯಿದೆ. ಆ ಅಂಗಡಿಯ ದುಡಿಮೆಯಲ್ಲೇ ನಾನು ಓದಿದೆ.

ಕಾಂದಿವಲಿಯ ನಮ್ಮ ಕನ್ನಡ ಸಂಘದವರು ಇದನ್ನು ಓದಿ ನಗಬಹುದು. ಅವರ ಪಾಲಿಗೆ ನಾನು ಅಡ್ಡಹೆಸರುಗಳ ಪಂಡಿತ. ಹಬ್ಬದ ಊಟಕ್ಕೆ ಹೊಸಬರು ಯಾರಾದರೂ ಬಂದರೆ ಸಾಕು, ನನ್ನ ಬಾಯಿ ಶುರು. ಪತ್ತಾರರೇ, ನಿಮ್ಮ ಹಿರಿಯರು ಚಿನ್ನದ ಕೆಲಸದವರು. ಗಾಣಿಗೇರರ ಮನೆಯಲ್ಲಿ ಎಣ್ಣೆಗೆ ಬರವೇ. ಜೀನಗಾರರು ಕುದುರೆಗೆ ಜೀನು ಹೊಲಿದವರು, ನೀವು ಈಗ ಕಾರಿನ ಸೀಟ್ ಕವರ್ ಮಾರಿದರೆ ಆಶ್ಚರ್ಯವೇನು! ದುಡಿದ ಕೈಯೇ ಮನೆತನಕ್ಕೆ ಹೆಸರಿಟ್ಟದ್ದು, ಅದರಲ್ಲಿ ನಾಚಿಕೆ ಏಕೆ ಎಂದು ಭಾಷಣವನ್ನೂ ಬಿಗಿಯುತ್ತಿದ್ದೆ. "ನಿಮ್ದು ಹೆಂಗ್ರೀ?" ಎಂದು ಕೇಳಿದರೆ, "ನಮ್ದೇನೈತ್ರಿ, ಬರೇ ಊರ ಹೆಸರು" ಎನ್ನುತ್ತಿದ್ದೆ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಮುಂಬಯಿಯಲ್ಲಿ ಇದು ಸಲೀಸು. ಊರಿನ ಹೆಸರಿಗೊಂದು 'ಕರ' ಹಚ್ಚಿದರೆ ಮರಾಠಿಯವರಿಗೂ ಸರಿ, ನಮ್ಮವರಿಗೂ ಸರಿ. ಫೋರ್ಟಿನ ಆಫೀಸಿಗೆ ಸೇರುವ ಮೊದಲೇ ಬದಲಿಸಿಕೊಂಡೆ. "ಊರಿನ ಹೆಸರರ ಖರೇದು ಹೇಳೀಯಲ್ಲ, ಸಾಕು ಬಿಡು" ಎಂದು ಅಣ್ಣ ನಕ್ಕಿದ್ದ.

ಅದೇ ಆಫೀಸಿನಲ್ಲಿ ಸುಮಿತ್ರಾ ಸಿಕ್ಕಳು — ಧಾರವಾಡ ಕಡೆಯ ವ್ಯಾಪಾರಿಗಳ ಮಗಳು. ಅವಳ ತಂದೆ ಮನೆತನದ ಬಗ್ಗೆ ಕೇಳಿದಾಗ ನಾನು ಹೇಳಿದೆ: "ನನಗ ಯಾರೂ ಇಲ್ರಿ." ಅಪ್ಪ, ಅವ್ವ ತೀರಿಕೊಂಡದ್ದು ನಿಜವೇ. ಆದರೆ ಆ ಒಂದು ಮಾತಿನಲ್ಲಿ ಬದುಕಿದ್ದವನನ್ನೂ ಸೇರಿಸಿಬಿಟ್ಟೆ.

ನಮ್ಮ ಕಡೆ ಅರಿಶಿನ ಹಚ್ಚುವ ಮೊದಲು ಕ್ಷೌರ ಮಾಡುವ ಹಡಪದವನು ಬಂದು ವರನ ಉಗುರು ತೆಗೆಯಬೇಕು. ಮಾವ ಶಾಸ್ತ್ರ ಬಿಡುವವರಲ್ಲ. ನಮ್ಮ ಕಡೆಯ ಹಡಪದವನನ್ನು ಈ ಊರಲ್ಲಿ ಎಲ್ಲಿಂದ ತರುವುದು ಎಂದು ಅವರು ತಲೆ ಕೆಡಿಸಿಕೊಂಡದ್ದನ್ನು ನಾನೇ ಅಣ್ಣನಿಗೆ ಹೇಳಿದೆ. ಯಾಕೆ ಹೇಳಿದೆ — ನಗಿಸಲೆಂದೋ, ಅಥವಾ ಅವನೇ ದಾರಿ ತೋರಿಸಲಿ ಎಂದೋ... ಗೊತ್ತಿಲ್ಲ. ಅಣ್ಣ ಕತ್ತರಿ ಒರೆಸುತ್ತ ಕೂತಿದ್ದ.

"ನಾ ಬರ್ತೀನಿ," ಎಂದ. "ಅಣ್ಣ ಅಂತ ಅಲ್ಲ, ಹಡಪದಂವ ಅಂತ. ಹಂಗರ ನಿನ್ನ ಮದವಿ ನೋಡಿದಂಗಾಗ್ತೈತಿ."

ಅಣ್ಣನಾಗಿಯೇ ಬಾ ಎನ್ನಬೇಕಿತ್ತು. ನಾನು ಮಾವನ ಬಳಿ ಹೋಗಿ, "ಚೆಂಬೂರಿನ್ಯಾಗ ಒಬ್ಬಂವ ಅದಾನ್ರಿ" ಎಂದೆ.

ಹಡಪ ಎಂದರೆ ಚೀಲ. ಹಿಂದೆ ಅರಸರ ಪಕ್ಕದಲ್ಲಿ ಎಲೆ ಅಡಿಕೆಯ ಚೀಲ ಹಿಡಿದು ನಿಲ್ಲುತ್ತಿದ್ದವನೂ ಹಡಪದವನೇ. ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಹೆಸರು. ಸಂಘದಲ್ಲಿ ನಾನು ಎಂದೂ ಬಿಡಿಸಿ ಹೇಳದ ಅರ್ಥ ಇದೊಂದೇ. ಮದುವೆಯ ದಿನ ಅಣ್ಣ ಅಪ್ಪನ ಹಳೆಯ ಚರ್ಮದ ಚೀಲವನ್ನು ತಂದಿದ್ದ. ನನ್ನೆದುರು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬೆರಳು ಹಿಡಿದು ಉಗುರು ತೆಗೆದ. ನನ್ನ ಮುಖ ನೋಡಲಿಲ್ಲ. ಮಾವ ಅವನಿಗೆ ಅಕ್ಕಿ, ಕಾಯಿ, ಒಂದು ಟವೆಲು ಕೊಟ್ಟು, "ಎಲ್ಲಾರದೂ ಆದಮ್ಯಾಲ ಉಂಡು ಹೋಗಪಾ" ಎಂದರು.

ಮಂಟಪಕ್ಕೆ ಹೋಗುವ ಮುನ್ನ ವರ ಹಿರಿಯಣ್ಣನ ಕಾಲಿಗೆ ಬೀಳಬೇಕು. ಅವನೇ ಬಾಗಿ ನನ್ನ ಪಾದ ಮುಟ್ಟಿದ. "ಚಂದಾಗಿ ಬಾಳ್ರಿ, ಸಾಹೇಬ್ರ" ಎಂದ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಜನ ನೋಡುತ್ತಾರೆ, ಕೇಳುತ್ತಾರೆ —

ಆಮೇಲೆ ಹೇಳೋಣ, ಮಗು ಹುಟ್ಟಲಿ, ಮಾವ ಹುಷಾರಾಗಲಿ... ತುಂಬಿದ ಲೋಕಲ್‌ನಲ್ಲಿ ಬಾಗಿಲ ತನಕ ಬರಲಾಗದೆ ನಮ್ಮ ಸ್ಟೇಶನ್ ದಾಟಿಹೋಗುತ್ತದಲ್ಲ, ಹಾಗೆ ವರ್ಷಗಳು ದಾಟಿದವು. ಹುಟ್ಟಿದ ಮಗಳೂ ಹಿರೇಬಾವಿಕರ ಆದಳು. ಅಣ್ಣನನ್ನು ನೋಡಲು ನಾನು ಹೋಗುವುದು ಸೋಮವಾರ, ಅಂಗಡಿ ಮುಚ್ಚಿರುವ ದಿನ. ಅರ್ಧ ಎಳೆದ ಶಟರ್ ಕೆಳಗೆ ಬಗ್ಗಿ ಒಳಗೆ ನುಸುಳುತ್ತೇನೆ. ಚಹ ಕುಡಿಯುತ್ತೇವೆ. ಅವನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಹೊರಗೆ ಬರಬಹುದಿತ್ತು.

ಮೊನ್ನೆ ಮಗಳ ಮದುವೆಯ ಮಾತೆತ್ತಿದ ಸುಮಿತ್ರಾ ಇದ್ದಕ್ಕಿದ್ದಂತೆ ಕೇಳಿದಳು: "ನಮ್ಮ ಮದವ್ಯಾಗ ನಿಮ್ಮ ಉಗುರು ತಗದ್ರಲ್ಲ, ಅವರು ಇನ್ನೂ ಅದಾರೇನ್ರಿ? ಅವತ್ತ ಉಣಲಾರದ ಹೋದ್ರು, ನಾ ನೋಡೇನಿ. ಕಣ್ಣಾಗ ನೀರಿತ್ತು. ಯಾರ್ರಿ ಅವರು?"

"ಯಾರೋ ಏನೋ," ಎಂದೆ. ಅಷ್ಟು ವರ್ಷಗಳಾದ ಮೇಲೂ, ಹೆದರಲು ಮಾವನೂ ಇಲ್ಲದಿರುವಾಗ, ಅಣ್ಣನನ್ನು ಇನ್ನೊಮ್ಮೆ ಇಲ್ಲವೆಂದೆ. ಆ ರಾತ್ರಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಂಘದ ಸಂಚಿಕೆಗೆ ಅಡ್ಡಹೆಸರುಗಳ ಬಗ್ಗೆ ಬರೆದುಕೊಡಿ ಎಂದಿದ್ದರು. ನನ್ನ ಬಳಿ ಇರುವುದು ಇದೇ. ಸುಮಿತ್ರಾ ಅಡುಗೆಮನೆಯಲ್ಲಿದ್ದಾಳೆ, ಮೊದಲು ಅವಳಿಗೆ ಓದಿ ಹೇಳುತ್ತೇನೆ. ಅವಳು ಏನೇ ಅನ್ನಲಿ, ಈ ಭಾನುವಾರ ಅಂಗಡಿ ಗಿರಾಕಿಗಳಿಂದ ತುಂಬಿರುವ ಹೊತ್ತಿಗೆ ಚೆಂಬೂರಿಗೆ ಹೋಗುತ್ತೇನೆ. ಎಲ್ಲರೆದುರು 'ಅಣ್ಣಾ' ಎಂದು ಕರೆದು ಅವನ ಪಾದಕ್ಕೆ ಬಾಗುತ್ತೇನೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡರೆ — ಎಳೆದುಕೊಳ್ಳಲಿ.