ಕೆಸರಕ್ಕ ಅಳಿಸದೆ ಉಳಿಸಿದ ಸಾಲು

ಎಣ್ಣೆ ಬಾವಿ ಕೊರೆಯುವ ಆ ರಿಗ್ಗಿನಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇತ್ತು. ಉಳಿದ ಕಡೆಯೆಲ್ಲ ಅವಳು ಕೆಸರಕ್ಕ. ಪೈಪಿನೊಳಗೆ ಇಳಿದು, ಕೊರೆದ ಕಲ್ಲಿನ ಚೂರುಗಳನ್ನು ಹೊತ್ತು ಪೈಪಿನ ಹೊರಬದಿಯಿಂದ ಮೇಲೆ ಬರುವ ಕೆಸರಿನ ತೂಕ ಮತ್ತು ಹದ ನೋಡುವುದು ಅವಳ ಕೆಲಸ. ಕೆಸರು ತೆಳ್ಳಗಾದರೆ ಚೂರುಗಳು ಮೇಲೆ ಬರುವುದಿಲ್ಲ. ಹಗುರವಾದರೆ ನೆಲದೊಳಗಿನ ಗ್ಯಾಸ್ ನುಗ್ಗಿ ಬರುತ್ತದೆ. ಅತಿ ಭಾರವಾದರೆ ಕಲ್ಲು ಬಿರಿದು ಕೆಸರನ್ನೇ ನುಂಗಿಬಿಡುತ್ತದೆ. "ನಮ್ಮ ಮನೆಯವಳಿಗೆ ಅಡುಗೆ ಹದ ತಪ್ಪಿದ್ರೂ ಕೆಸರಿನ ಹದ ತಪ್ಪಲ್ಲ" ಎಂದು ಬಸ್ ಓಡಿಸುವ ಗಂಡ ನೆಂಟರೆದುರು ಹೇಳುತ್ತಿದ್ದ. ಅವಳು ಕಣ್ಣು ಬಿಟ್ಟರೆ, "ಹೊಗಳಿದ್ದು ಕಣೇ" ಎಂದು ಜಾರಿಕೊಳ್ಳುತ್ತಿದ್ದ.

ಅವಳು ರಿಗ್ಗಿಗೆ ಬಂದದ್ದು ಬಟ್ಟೆ ಒಗೆಯುವ ಕೆಲಸಕ್ಕೆ. ತಗಡಿನ ಶೆಡ್ಡಿನಲ್ಲಿ ಮೂರು ವಾಷಿಂಗ್ ಮೆಷಿನ್ನುಗಳ ನಡುವೆ ಹನ್ನೊಂದು ವರ್ಷ ಕೆಲಸಗಾರರ ಉಡುಪು ಒಗೆದಳು. ಒಂದು ದಿನ ಕಲೆಗಳು ಎಂದಿನಂತೆ ಬಿಡಲಿಲ್ಲ. ಬಟ್ಟೆ ಒಣಗಿದ ಮೇಲೆ ಬಿಳಿ ಪುಡಿ ಉದುರಿತು. ಕೆಸರು ನೋಡಿಕೊಳ್ಳುತ್ತಿದ್ದ ಹಿರಿಯ ಇಂಜಿನಿಯರನ್ನು ತಡೆದು ಕೇಳಿದಳು, "ಸರ್, ಕೆಳಗೆ ಉಪ್ಪು ಸಿಕ್ತಾ?" ಹಿಂದಿನ ದಿನವಷ್ಟೇ ಬಾವಿ ಉಪ್ಪಿನ ಪದರಕ್ಕೆ ಇಳಿದಿತ್ತು. ಮುದುಕ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ನಾಳೆಯಿಂದ ನನ್ನ ಲ್ಯಾಬಿಗೆ ಬಾ" ಎಂದ. ಲ್ಯಾಬಿನ ಕೆಲಸಕ್ಕೆ ಬೇಕಾದ ಪರೀಕ್ಷೆಯಲ್ಲಿ ಅವಳು ಎರಡು ಸಲ ಡುಮ್ಕಿ ಹೊಡೆದಳು. "ಸಾಕು ಬಿಡೇ, ಮರ್ಯಾದೆ ಹೋಗುತ್ತೆ" ಎಂದಳು ನಾದಿನಿ. ಕೆಸರಕ್ಕ ಮೂರನೆಯ ಸಲ ಫಾರ್ಮು ತುಂಬಿದಳು, ಪಾಸಾದಳು. ಆಗ ಅವಳಿಗೆ ಮೂವತ್ತೊಂಬತ್ತು.

ನಾನು ಹೇಳಹೊರಟ ಸಂಗತಿ ನಡೆದಾಗ ಅವಳಿಗೆ ಐವತ್ತೊಂದಾಗಿತ್ತು. ಮುದುಕ ನಿವೃತ್ತನಾಗಿದ್ದ, ಲ್ಯಾಬು ಅವಳ ಕೈಯಲ್ಲಿತ್ತು. ಆ ಬಾವಿ ನೇರವಾದದ್ದಲ್ಲ. ಸ್ವಲ್ಪ ದೂರ ನೆಟ್ಟಗೆ ಇಳಿದು ಆಮೇಲೆ ಓರೆಯಾಗಿ ಹೋಗುವಂಥದ್ದು. ಅದು ಶುರುವಿನಲ್ಲೇ ಕಾಟ ಕೊಟ್ಟಿತು. ಸಾವಿರದ ಇನ್ನೂರು ಮೀಟರಿನಲ್ಲಿ ಬಿರುಕುಗಳಿದ್ದ ಕಲ್ಲು ಸಿಕ್ಕಿ, ಪಂಪು ಮಾಡಿದ ಕೆಸರೆಲ್ಲ ಅದರೊಳಗೆ ಇಂಗಿಹೋಯಿತು. ಬಿರುಕು ಮುಚ್ಚಲು ನಾರು, ಹೊಟ್ಟು, ಕೊನೆಗೆ ಸಿಮೆಂಟು ಸುರಿದರು. ಇದರಲ್ಲೇ ನಾಲ್ಕು ದಿನ ಹೋಯಿತು. ರಿಗ್ಗಿನ ಒಂದು ದಿನದ ಬಾಡಿಗೆಯಲ್ಲಿ ಕೆಸರಕ್ಕನ ಬೀದಿಯಲ್ಲಿ ಎರಡು ಮನೆ ಕಟ್ಟಬಹುದಿತ್ತು. ಕೊರೆದರೂ ಕೊರೆಯದಿದ್ದರೂ ಆ ಬಾಡಿಗೆ ನಿಲ್ಲುವುದಿಲ್ಲ.

ಹೀಗಾಗಿ ಬಾವಿಯ ಸೂಪರ್‌ವೈಸರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಕೆಟ್ಟ ಮನುಷ್ಯನೇನಲ್ಲ, ಆದರೆ ದಿನಾ ಬೆಳಿಗ್ಗೆ ಹೆಡ್ಡಾಫೀಸಿನ ಫೋನು ಬಂದಾಗ ಅವನ ಮುಖ ಸಣ್ಣಗಾಗುತ್ತಿತ್ತು. ಹೋದ ನಾಲ್ಕು ದಿನಗಳನ್ನು ಹೇಗಾದರೂ ಮಾಡಿ ವಾಪಸು ಪಡೆಯಬೇಕೆಂಬ ಹಟ ಅವನದು.

ಕೆಸರಿನಿಂದ ಚೂರುಗಳನ್ನು ಸೋಸುವ ಜರಡಿಗಳು ರಿಗ್ಗಿನ ಬದಿಯಲ್ಲಿ ಸದಾ ನಡುಗುತ್ತಿರುತ್ತವೆ. ಕೆಸರಕ್ಕ ಗಂಟೆಗೊಮ್ಮೆ ಅಲ್ಲಿಗೆ ಹೋಗಿ ಜರಡಿಯ ತುದಿಗೆ ಒಂದು ಬಕೆಟ್ ಹಿಡಿದು, ಅದು ತುಂಬಲು ಎಷ್ಟು ಹೊತ್ತು ಬೇಕೆಂದು ನೋಡುತ್ತಿದ್ದಳು. ಇದು ಮುದುಕ ಕಲಿಸಿಕೊಟ್ಟದ್ದು. ಯಾವ ನಿಯಮದಲ್ಲೂ ಇರಲಿಲ್ಲ. ಅಷ್ಟು ದಿನ ಆರು ನಿಮಿಷಕ್ಕೆ ತುಂಬುತ್ತಿದ್ದ ಬಕೆಟ್ ಆ ಬೆಳಿಗ್ಗೆ ಒಂಬತ್ತು ನಿಮಿಷ ತೆಗೆದುಕೊಂಡಿತು. ಜರಡಿ ಹರಿದಿರಬೇಕು ಎಂದುಕೊಂಡು ಬದಲಾಯಿಸಿದಳು. ಮಧ್ಯಾಹ್ನ ಹನ್ನೊಂದು ನಿಮಿಷವಾಯಿತು. ಕೊರೆಯುವ ವೇಗ ಮಾತ್ರ ಹಾಗೇ ಇತ್ತು. ಹಾಗಾದರೆ ಉಳಿದ ಕಲ್ಲು ಎಲ್ಲಿ ಹೋಯಿತು?

ನೇರ ಸೂಪರ್‌ವೈಸರ್ ಕೋಣೆಗೆ ಹೋದಳು.

"ಸರ್, ಚೂರು ಅರ್ಧಕ್ಕರ್ಧ ಮೇಲೆ ಬರ್ತಿಲ್ಲ. ಬಾವಿ ಓರೆಯಾಗಿರೋ ಕಡೆ ತಳದಲ್ಲಿ ಕೂತ್ಕೊಳ್ತಿದೆ. ಕೊರೆಯೋದು ನಿಲ್ಸಿ ಒಂದು ಐದು ಗಂಟೆ ಬರೀ ಕೆಸರು ಓಡಿಸಿ, ಪೈಪ್ ತಿರುಗಿಸ್ತಾ ಇರಿ. ಎಲ್ಲ ಕಿತ್ಕೊಂಡು ಬರುತ್ತೆ."

"ಐದು ಗಂಟೆನಾ? ಬಕೆಟ್ ನೋಡ್ಕೊಂಡು ಬಾವಿ ಕೊರೆಯೋಕಾಗುತ್ತೇನ್ರೀ?"

"ಬಕೆಟ್ ಸುಳ್ಳು ಹೇಳಲ್ಲ ಸರ್."

"ನಾಳೆ ಹೇಗಿದ್ರೂ ತುದೀಲಿ ಕಲ್ಲು ಕೊರೆಯೋ ಬಿಟ್ ಬದಲಾಯ್ಸೋಕೆ ಪೈಪ್ ಎಳೀತೀವಲ್ಲ. ಆಗ ನೋಡೋಣ."

ಅವಳು ಲ್ಯಾಬಿಗೆ ಬಂದು ದಿನದ ವರದಿಯಲ್ಲಿ ಬರೆದಳು: 'ಚೂರುಗಳು ಬರಬೇಕಾದ್ದಕ್ಕಿಂತ ಅರ್ಧದಷ್ಟು ಕಡಿಮೆ. ಪೈಪ್ ಎಳೆಯುವ ಮುಂಚೆ ಬಾವಿ ತೊಳೆಯುವುದು ಅಗತ್ಯ.' ಸಂಜೆ ಸೂಪರ್‌ವೈಸರ್ ತಾನೇ ಬಂದ. ಈ ಸಲ ದನಿ ಮೆತ್ತಗಿತ್ತು.

"ಆ ಕೊನೇ ಸಾಲು ತೆಗೆದುಬಿಡಿ. ಸುಮ್ನೆ ಆಫೀಸಲ್ಲಿ ನೂರು ಪ್ರಶ್ನೆ ಕೇಳ್ತಾರೆ."

"ಕೇಳ್ಲಿ ಸರ್. ಉತ್ತರ ಹೇಳೋಕೆ ನಾನಿದ್ದೀನಲ್ಲ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಗೊತ್ತು ಸರ್. ಆದ್ರೂ ಬರೆದಿದ್ದು ಬರೆದಾಯ್ತು" ಎಂದು ಅವನೆದುರೇ ವರದಿ ಕಳಿಸಿದಳು. ಅವನು ಹೋದ ಮೇಲೆ, ಗಂಟೆಯಾದಾಗ ಎಂದಿನಂತೆ ಬಕೆಟ್ ಎತ್ತಿಕೊಂಡು ಜರಡಿಯ ಕಡೆ ಹೊರಟಳು.

ಮರುದಿನ ಬೆಳಿಗ್ಗೆ ಪೈಪ್ ಎಳೆಯಲು ಶುರುಮಾಡಿದರು. ಮುನ್ನೂರು ಮೀಟರ್ ಸರಾಗವಾಗಿ ಬಂತು. ಆಮೇಲೆ ಒಮ್ಮೆಲೇ ಗಕ್ಕನೆ ನಿಂತಿತು. ಪಂಪು ಹಾಕಿದರೆ ಒತ್ತಡ ಏರಿತೇ ಹೊರತು ಮೇಲೆ ಒಂದು ತೊಟ್ಟು ಕೆಸರು ಬರಲಿಲ್ಲ. ತಳದಲ್ಲಿದ್ದ ಚೂರೆಲ್ಲ ಪೈಪಿನ ಸುತ್ತ ಒತ್ತಿಕೊಂಡು ಬಿರಡೆಯಂತೆ ಕೂತಿತ್ತು.

"ಎಳೀರಿ, ಇನ್ನೂ ಎಳೀರಿ!" ಎಂದು ಸೂಪರ್‌ವೈಸರ್ ಕೂಗುತ್ತಿದ್ದ. ಯಂತ್ರ ನಡೆಸುತ್ತಿದ್ದ ಡ್ರಿಲ್ಲರ್ ಮಿತಭಾಷಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಎಳೆದ. ಗೋಪುರವೇ ನರಳಿತು. ತೂಕ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು.

ಕೆಸರಕ್ಕ ಮೂವತ್ತಾರು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಬಂದಳು.

"ನಿಲ್ಸಿ! ಎಳೆದಷ್ಟೂ ಬಿಗಿಯಾಗುತ್ತೆ. ಕೆಳಕ್ಕೆ ಬಿಡಿ, ಕೆಳಕ್ಕೆ ಗುದ್ದಿ. ಬಂದ ದಾರೀಲೇ ವಾಪಸ್ ಹೋಗ್ಬೇಕು!"

"ನಿಮ್ಮನ್ನ ಯಾರ್ರೀ ಕರೆದಿದ್ದು ಇಲ್ಲಿ? ಲ್ಯಾಬಿಗೆ ಹೋಗಿ!"

ಅವಳು ಕದಲಲಿಲ್ಲ. ಡ್ರಿಲ್ಲರ್ ಅವಳ ಮುಖ ನೋಡಿದ, ಮುಳ್ಳನ್ನು ನೋಡಿದ, ಕೈಯನ್ನು ಲಿವರಿನಿಂದ ತೆಗೆದ. "ಸರ್, ಅಕ್ಕ ಹೇಳೋದು ಸರಿ. ಇನ್ನು ಎಳೆದ್ರೆ ಪೈಪ್ ತುಂಡಾಗುತ್ತೆ. ನಾನು ಎಳೆಯಲ್ಲ."

ಅಷ್ಟರಲ್ಲಿ ಹೆಡ್ಡಾಫೀಸಿನಿಂದ ಫೋನು ಬಂತು. ಸ್ಪೀಕರಿನಲ್ಲಿ ಡ್ರಿಲ್ಲಿಂಗ್ ಮ್ಯಾನೇಜರ್ ಆಗಿದ್ದ ಹೆಂಗಸಿನ ದನಿ: "ನಿನ್ನೆ ವರದೀಲಿ ಚೂರು ಕಡಿಮೆ ಅಂತ ಯಾರು ಬರೆದಿದ್ದು?"

"ನಾನು ಮೇಡಂ."

"ಈಗ ಏನ್ ಮಾಡ್ಬೇಕು ಅಂತೀರಿ?"

ಕೆಸರಕ್ಕ ಹೇಳಿದಳು. ಸಿಕ್ಕಿಕೊಂಡ ಒತ್ತಡವನ್ನು ಇಳಿಸಬೇಕು. ಪೈಪಿಗೆ ತಿರುಚು ಕೊಟ್ಟು, ಪೈಪಿನ ಸಾಲಿನಲ್ಲೇ ಇರುವ ಸುತ್ತಿಗೆಯಂಥ ಉಪಕರಣದಿಂದ ಕೆಳಮುಖವಾಗಿ ಗುದ್ದಬೇಕು. ಕೆಸರು ಸ್ವಲ್ಪ ದಾರಿ ಮಾಡಿಕೊಂಡರೆ ಮೆಲ್ಲಗೆ, ಬಹಳ ಮೆಲ್ಲಗೆ ಪಂಪು ಏರಿಸಬೇಕು. "ಹಾಗೇ ಮಾಡಿ" ಎಂದಳು ಮ್ಯಾನೇಜರ್.

ಗುದ್ದು ಶುರುವಾಯಿತು. ಪ್ರತಿ ಗುದ್ದಿಗೂ ರಿಗ್ಗಿನ ನೆಲ ಅದುರುತ್ತಿತ್ತು. ಒಂದು ಗಂಟೆ, ಐದು ಗಂಟೆ, ಹತ್ತು ಗಂಟೆಯಾದರೂ ಪೈಪ್ ಮಿಸುಕಲಿಲ್ಲ. ಪೈಪ್ ಕತ್ತರಿಸಿ ಒಳಗೇ ಬಿಟ್ಟು, ಪಕ್ಕದಿಂದ ಹೊಸ ದಾರಿ ಕೊರೆಯುವ ಮಾತು ಬಂತು. ಅದಾದರೆ ಹತ್ತು ದಿನವೂ ಹೋಗುತ್ತದೆ, ಪೈಪೂ ಹೋಗುತ್ತದೆ. "ಇನ್ನೊಂದಿಷ್ಟು ಹೊತ್ತು ಕೊಡಿ" ಎಂದು ಕೆಸರಕ್ಕ ಮೂರು ಸಲ ಕೇಳಿಕೊಂಡಳು. ಶಿಫ್ಟ್ ಮುಗಿದರೂ ಹೋಗಲಿಲ್ಲ. ಇಪ್ಪತ್ತೆರಡನೆಯ ಗಂಟೆಯಲ್ಲಿ, ಹೊರಗೆ ಬಿಸಿಲು ಏರುತ್ತಿದ್ದಾಗ, ಪೈಪ್ ಒಂದು ಗೇಣು ಕೆಳಗಿಳಿಯಿತು. ಆಮೇಲೆ ಒಂದು ಮಾರು. ಆಮೇಲೆ ತಿರುಗಿತು. ಸ್ವಲ್ಪ ಹೊತ್ತಿಗೆ ಜರಡಿಯ ಮೇಲೆ ಕಪ್ಪು ಚೂರುಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಡ್ರಿಲ್ಲರ್ ಹಲ್ಲು ಬಿಟ್ಟು ನಕ್ಕದ್ದನ್ನು ಎಲ್ಲರೂ ಅವತ್ತೇ ಮೊದಲ ಸಲ ನೋಡಿದ್ದು.

ವಾರದ ನಂತರ ವಿಚಾರಣೆ ನಡೆಯಿತು. ಕೆಸರಕ್ಕ ತನ್ನ ಹೇಳಿಕೆಯಲ್ಲಿ, ಬೆಳಿಗ್ಗೆಯೇ ವ್ಯತ್ಯಾಸ ಕಂಡರೂ ಜರಡಿಯದ್ದೇ ತೊಂದರೆ ಎಂದುಕೊಂಡು ಅರ್ಧ ದಿನ ಯಾರಿಗೂ ಹೇಳಲಿಲ್ಲ ಎಂಬುದನ್ನೂ ಬರೆದಿದ್ದಳು.

"ಅದನ್ನ ಯಾಕಕ್ಕ ಬರೆದ್ರಿ? ಯಾರೂ ಕೇಳಿರ್ಲಿಲ್ಲವಲ್ಲ" ಎಂದ ಡ್ರಿಲ್ಲರ್.

"ಅವರ ತಪ್ಪು ಬರೆದೋಳು ನನ್ನ ತಪ್ಪು ಬಿಡೋಕಾಗುತ್ತೇನಪ್ಪ?"

ಸೂಪರ್‌ವೈಸರಿಗೆ ಎಚ್ಚರಿಕೆಯ ಪತ್ರ ಬಂತು, ಅವಳಿಗೂ ಒಂದು ಚಿಕ್ಕದು ಬಂತು. ಗಂಡ ಅದನ್ನು ಎರಡು ಸಲ ಓದಿ, "ಬೈದಿದ್ದಾರೋ ಹೊಗಳಿದ್ದಾರೋ ಗೊತ್ತಾಗ್ತಿಲ್ವಲ್ಲೇ" ಎಂದ. "ಎರಡೂ ಇದೆ ರೀ, ಕೊಡಿ ಇಲ್ಲಿ" ಎಂದು ಕಿತ್ತುಕೊಂಡು ಬೀರುವಿನಲ್ಲಿಟ್ಟಳು.

ಆ ಬಾವಿಯಲ್ಲಿ ಗ್ಯಾಸ್ ಸಿಕ್ಕಿತು; ಅಂದುಕೊಂಡಷ್ಟಲ್ಲ, ಆದರೆ ಖರ್ಚು ಹುಟ್ಟುವಷ್ಟು. ಚೂರುಗಳನ್ನು ಅಳೆಯದೆ ಪೈಪ್ ಎಳೆಯಬಾರದೆಂದು ಕಂಪನಿ ನಿಯಮ ಮಾಡಿತು. ಕೊರೆತ ಮುಗಿಯುವ ತನಕ ಸೂಪರ್‌ವೈಸರ್ ಅವಳೊಡನೆ ಬೇಕಾದಷ್ಟೇ ಮಾತಾಡಿದ, ಅವಳೂ ಅಷ್ಟೇ. ಆದರೆ ಮುಂದಿನ ಬಾವಿಗೆ ಲ್ಯಾಬಿನಲ್ಲಿ ಯಾರು ಬೇಕೆಂದು ಆಫೀಸು ಕೇಳಿದಾಗ ಅವನು ಬರೆದು ಕಳಿಸಿದ್ದು ಒಂದೇ ಹೆಸರು. ಅವಳು ಬ್ಯಾಗು ತುಂಬಿಕೊಂಡು, ಬಿಚ್ಚಿದ ರಿಗ್ಗನ್ನು ಹೊತ್ತ ಲಾರಿಗಳ ಸಾಲಿನಲ್ಲಿ ಮೊದಲನೆಯದನ್ನೇ ಹತ್ತಿ ಡ್ರೈವರಿನ ಪಕ್ಕ ಕೂತಳು.